ಕನ್ನಡ ಕಲಿಯೋಕೂ ಸಾಲ ಮಾಡಬೇಕಾ?

ಅಮೆರಿಕದಲ್ಲಿ ನಮ್ಮೋರ ಮನೆಗಳಲ್ಲಿ ಒಂದು ತಮಾಷೆ ನೋಡಿದೀನಿ. ಮಗಳು ಕನ್ನಡ ಮರೀಬಾರದು ಅಂತ ಭಾನುವಾರ ನಿದ್ದೆ ಕೆಡಿಸಿಕೊಂಡು, ನಲವತ್ತು ಮೈಲಿ ಡ್ರೈವ್ ಮಾಡಿ ಕನ್ನಡ ಶಾಲೆಗೆ ಬಿಟ್ಟು ಬರ್ತೀವಿ. ಅದೇ ಮಗಳು ಹದಿನೇಳು ತುಂಬಿದ ಮೇಲೆ 'ಅಪ್ಪಾ, ಕಾಲೇಜಲ್ಲಿ ಸೌತ್ ಏಷ್ಯನ್ ಸ್ಟಡೀಸ್ ತಗೋತೀನಿ' ಅಂದ್ರೆ ಮನೇಲಿ ಸೂತಕದ ಕಳೆ! ಸ್ನೇಹಿತರೊಬ್ಬರ ಮನೇಲಿ ಈಗ ಇದೇ ನಡೀತಾ ಇದೆ. ಅವರ ಮಗಳಿಗೆ ಕನ್ನಡ, ತಮಿಳು ಎರಡೂ ಕಲಿತು ಕಾವೇರಿ ಜಗಳದ ಬಗ್ಗೆ ಓದಬೇಕಂತೆ. 'ಅದನ್ನ ಓದಿದ್ರೆ ಏನ್ ಕೆಲಸ ಸಿಗುತ್ತೆ, ಸಾಲ ಯಾರು ತೀರಿಸೋರು?' ಅಂತ ಇವರು. ಪ್ರಶ್ನೆ ತಪ್ಪೇನಲ್ಲ. ನಾವೆಲ್ಲ ಇಲ್ಲಿಗೆ ಬಂದಿದ್ದೇ ಸಂಬಳದ ಲೆಕ್ಕ ಹಾಕಿ ತಾನೇ?

ಇವರು ನೋಡಿದ್ದು ಸರ್ಕಾರದ 'ಕಾಲೇಜ್ ಸ್ಕೋರ್‌ಕಾರ್ಡ್' ಅನ್ನೋ ವೆಬ್‌ಸೈಟು. ಯಾವ ಕಾಲೇಜಲ್ಲಿ ಯಾವ ವಿಷಯ ಓದಿದೋರು ಎಷ್ಟು ಸಂಪಾದಿಸ್ತಾರೆ, ಎಷ್ಟು ಸಾಲ ಹೊತ್ತು ಹೊರಗೆ ಬರ್ತಾರೆ ಅಂತ ಅಲ್ಲಿ ಸಿಗುತ್ತೆ. ಕಂಪ್ಯೂಟರ್ ಸೈನ್ಸಿಗೆ ಸಂಖ್ಯೆ ಇತ್ತು, ನರ್ಸಿಂಗಿಗೆ ಇತ್ತು. ಮಗಳ ವಿಷಯದ ಎದುರಿಗೆ ಖಾಲಿ! 'ನೋಡಿ, ಸೊನ್ನೆ' ಅಂದ್ರು. ಅದು ಸೊನ್ನೆ ಅಲ್ಲ ಸ್ವಾಮಿ. ಓದೋರು ಬೆರಳೆಣಿಕೆಯಷ್ಟಿದ್ರೆ ಯಾರ ಸಂಬಳ ಅಂತ ಗೊತ್ತಾಗಿಬಿಡುತ್ತೆ ಅಂತ ಸರ್ಕಾರವೇ ಮುಚ್ಚಿಡುತ್ತೆ. ಫೆಡರಲ್ ನೆರವು ಪಡೆದವರನ್ನ ಬಿಟ್ಟು ಬೇರೆಯವರ ಸಂಬಳ ಅಲ್ಲಿ ಲೆಕ್ಕಕ್ಕಿಲ್ಲ. ಡಿಗ್ರಿ ಮುಗಿಸಿ ಲಾ ಸ್ಕೂಲಲ್ಲಿ ಓದ್ತಾ ಇರೋರದ್ದೂ ಇಲ್ಲ. ಇಂಥ ಸಣ್ಣ ವಿಷಯಗಳಿಗೆ ಆ ಪಟ್ಟಿ ನಂಬಿ ಹೂಂ ಅನ್ನೋಕೂ ಆಗಲ್ಲ, ಊಹೂಂ ಅನ್ನೋಕೂ ಆಗಲ್ಲ.

ಹಾಗೆ ನೋಡಿದ್ರೆ ಈ ಏರಿಯಾ ಸ್ಟಡೀಸ್, ಅಂದ್ರೆ ಒಂದು ಸೀಮೆಯ ಭಾಷೆ, ಚರಿತ್ರೆ, ರಾಜಕೀಯ ಎಲ್ಲ ಸೇರಿಸಿ ಓದೋದು, ಇಲ್ಲಿ ಬೆಳೆದಿದ್ದರಲ್ಲಿ ಸರ್ಕಾರದ ದುಡ್ಡಿನ ಪಾಲು ದೊಡ್ಡದು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸ್ತು. ಅಮೆರಿಕ ಗಾಬರಿಯಾಗಿ 1958ರಲ್ಲಿ ಕಾನೂನು ಮಾಡಿ, ಪರದೇಶದ ಭಾಷೆ ಕಲಿಯೋರಿಗೆ ತಾನೇ ಫೆಲೋಶಿಪ್ ಕೊಡೋಕೆ ಶುರು ಮಾಡ್ತು. ಪಿ.ಎಲ್. 480 ಗೋಧಿ ನೆನಪಿದೆಯಾ? ನಮ್ಮ ಹಿರಿಯರು ಮುಖ ಸಿಂಡರಿಸಿಕೊಂಡು ತಿಂದ ಗೋಧಿ. ಅದಕ್ಕೆ ಭಾರತ ಕಟ್ಟಿದ ರೂಪಾಯಿಯಲ್ಲಿ ಒಂದು ಪಾಲು ತೆಗೆದು, 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ಯೂನಿವರ್ಸಿಟಿ ಲೈಬ್ರರಿಗಳಿಗೆ ಕಳಿಸಿದ್ರು, ಕನ್ನಡದ್ದೂ ಸೇರಿ. ಎ.ಕೆ. ರಾಮಾನುಜನ್ ವಚನಗಳನ್ನ ಇಂಗ್ಲಿಷಿಗೆ ತಂದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಬಂದಾಗ ಅವರು ಇದ್ದದ್ದು ಶಿಕಾಗೋದ ಇಂಥದ್ದೇ ವಿಭಾಗದಲ್ಲಿ. 2025ರಲ್ಲಿ ಶಿಕ್ಷಣ ಇಲಾಖೆ ಈ ಫೆಲೋಶಿಪ್‌ಗಳ ಆ ವರ್ಷದ ಹಣ ಕೊಡಲೇ ಇಲ್ಲ. ಹಾಗಾದಾಗ ಖರ್ಚು ಬಂದು ಬೀಳೋದು ಅಪ್ಪನ ಮೇಲೆ, ಇಲ್ಲಾ ಮಗಳ ಮೇಲೆ.

ಈಗ ಸಾಲಕ್ಕೆ ಬರೋಣ. ಬಿ.ಎ. ಓದೋ ಮಗಳ ಹೆಸರಲ್ಲಿ ಸರ್ಕಾರ ಕೊಡೋ ಸಾಲಕ್ಕೆ ಮಿತಿ ಇದೆ: ಮೊದಲ ವರ್ಷ 5,500 ಡಾಲರ್, ಎರಡನೇದಕ್ಕೆ 6,500, ಆಮೇಲೆ 7,500ರ ಹಾಗೆ. ನಾಲ್ಕು ವರ್ಷಕ್ಕೆ 27,000. 2025-26ರ ಬಡ್ಡಿ 6.39% ಹಿಡಿದು ಹತ್ತು ವರ್ಷದಲ್ಲಿ ತೀರಿಸಿದ್ರೆ ತಿಂಗಳಿಗೆ ಸುಮಾರು 305 ಡಾಲರ್ (ಓದುವಾಗಲೇ ಬೆಳೆಯೋ ಬಡ್ಡಿ ಬೇರೆ). ಸಣ್ಣ ಕಾರಿನ ಕಂತಿನಷ್ಟು. ಟೀಚರ್ ಕೆಲಸಾನೋ, ಲೈಬ್ರರಿ ಕೆಲಸಾನೋ ಮಾಡಿಕೊಂಡು ಕೈ ಬಿಗಿ ಹಿಡಿದು ಕಟ್ಟಬಹುದು. ಎಡವೋದು ಆಮೇಲೆ. ಅದೇ ವಿಷಯದಲ್ಲಿ ಎಂ.ಎ.ಗೆ ಅಂತ ವರ್ಷಕ್ಕೆ 20,500ರ ಹಾಗೆ ಎರಡು ವರ್ಷ ಸಾಲ ಎತ್ತಿದ್ರೆ, 7.94% ಬಡ್ಡಿಯಲ್ಲಿ ಅದರದ್ದೇ ತಿಂಗಳಿಗೆ ಸುಮಾರು 496. ಎರಡೂ ಸೇರಿ 800! ಎಂ.ಎ. ಆಯ್ತು ಅಂತ ಸಂಬಳವೂ ಹಾಗೇ ಏರುತ್ತೆ ಅಂತ ಯಾರೂ ಬರೆದುಕೊಡಲ್ಲ.

ಇನ್ನು ಅಪ್ಪ-ಅಮ್ಮನ ಹೆಸರಲ್ಲಿ ಸಿಗೋ ಪೇರೆಂಟ್ ಪ್ಲಸ್ ಸಾಲ. 2025ರ ಕಾನೂನು ಬಂದು, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಅಂತ ಮಿತಿ ಹಾಕಿದ್ದಾರೆ. ಒಳ್ಳೇದೇ, ಆದ್ರೆ ರಿಟೈರ್ ಆಗೋ ಹೊತ್ತಿಗೆ ತಲೆ ಮೇಲೆ 65,000 ಸಾಲ ಯಾಕೆ ಬೇಕು?

ಸ್ನೇಹಿತರಿಗೆ ನಾನಂದಿದ್ದು ಇಷ್ಟು. ಓದಲಿ ಬಿಡಿ, ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಲಿ, 27,000 ದಾಟೋದು ಬೇಡ. ಕಾವೇರಿ ವಿಷಯ ಅಂತಿದಾಳಲ್ಲ, ಜೊತೆಗೆ ಸ್ಟ್ಯಾಟಿಸ್ಟಿಕ್ಸೋ ಎನ್ವಿರಾನ್‌ಮೆಂಟಲ್ ಸೈನ್ಸೋ ಎರಡನೇ ಮೇಜರ್ ಮಾಡಲಿ. ಎಂ.ಎ., ಪಿಎಚ್.ಡಿ. ಅಂದ್ರೆ ಯೂನಿವರ್ಸಿಟಿಯೇ ಫೀಸು ಬಿಟ್ಟು ಸ್ಟೈಪೆಂಡ್ ಕೊಟ್ರೆ ಮಾತ್ರ ಹೋಗಲಿ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಅವರ ಮನೆಯವರು ಒಪ್ಪಿದಾರೆ, ಅಂದ್ರೆ ಅರ್ಧ ಕೆಲಸ ಆದ ಹಾಗೇ.

ನಿಮ್ಮನೇಲೂ ಈ ವಯಸ್ಸಿನ ಮಕ್ಕಳಿದ್ರೆ ಒಂದು ವಿಷಯ ಗಮನಿಸಿ. ಕಾಲೇಜಿಂದ ಬರೋ ಫೈನಾನ್ಶಿಯಲ್ ಏಡ್ ಪತ್ರದಲ್ಲಿ ಎಷ್ಟೋ ಸಲ ಗ್ರಾಂಟು, ಸ್ಕಾಲರ್‌ಶಿಪ್ಪು, ಲೋನು ಮೂರನ್ನೂ ಕೂಡಿಸಿ 'ಅವಾರ್ಡ್' ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಲೋನ್ ಅಂತ ಇರೋ ಸಾಲುಗಳನ್ನೆಲ್ಲ ಪೆನ್ನಿಂದ ಹೊಡೆದುಹಾಕಿ, ಉಳಿದಿದ್ದನ್ನ ಮತ್ತೆ ಕೂಡಿ ನೋಡಿ.