ಚಕ್ರ–ಚಿತ್ರ: ಹಳೇ ಟ್ರಕ್ಕಿನ ತಲೆಗೆ ಗರಗಸ!

ಸಿನಿಮಾ ನೋಡಿ ತಲೆಕೂದಲು ಕತ್ತರಿಸಿಕೊಂಡವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನ. ಆದರೆ ಸಿನಿಮಾ ನೋಡಿ ಗಾಡಿಯ ತಲೆಯನ್ನೇ ಕತ್ತರಿಸಲು ಹೊರಟವನನ್ನು ನೋಡಿದ್ದೀರಾ? ನಾನು ನೋಡಿದೆ ಸ್ವಾಮಿ, ನಮ್ಮ ಹಳೇಬೀಡಿನಲ್ಲಿ!

ಮೊದಲು ಈ ಹುಚ್ಚು ಎಲ್ಲಿಂದ ಬಂತು ಅಂತ ತಿಳಿಯೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀರು ಬತ್ತಿದ ಕೆರೆಯಂಗಳಗಳಿವೆ. ಅಲ್ಲಿ ಹುಡುಗರು ಹಳೇ ಫೋರ್ಡುಗಳನ್ನು ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಎತ್ತರದ ಸೂರು ಗಾಳಿಗೆ ಎದೆ ಕೊಟ್ಟು ವೇಗ ತಗ್ಗಿಸುತ್ತೆ. ಸರಿ, ಕಂಬಗಳನ್ನು ಕೊಯ್ದು ಸೂರನ್ನೇ ಕೆಳಗಿಳಿಸಿದರು! ಅದಕ್ಕೆ ‘ಚಾಪ್’ ಅಂತ ಹೆಸರು. ಆಮೇಲೆ ವೇಗದ ಮಾತು ಮರೆತುಹೋಯ್ತು, ಅಂದವೇ ಮುಖ್ಯವಾಯ್ತು. ಕಿಟಕಿ ಕಿರಿದಾಗಿ, ಗಾಡಿ ಅರೆಗಣ್ಣು ಮುಚ್ಚಿ ನೋಡುವ ಖಳನಾಯಕನ ಹಾಗೆ ಕಾಣುತ್ತೆ. 1950ರ ಆಸುಪಾಸಿನಲ್ಲಿ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಎಂಬ ಅಣ್ಣತಮ್ಮಂದಿರು ಮರ್ಕ್ಯುರಿ ಕಾರುಗಳ ಸೂರು ಇಳಿಸಿ ಜಗತ್ಪ್ರಸಿದ್ಧರಾದರು. 1973ರಲ್ಲಿ ಜಾರ್ಜ್ ಲ್ಯೂಕಾಸ್ ನಿರ್ದೇಶಿಸಿದ ‘ಅಮೆರಿಕನ್ ಗ್ರಫಿಟಿ’ ಬಂತು. ಅದರಲ್ಲಿ ಓಡುವ 1932ರ ಹಳದಿ ಫೋರ್ಡಿನ ಸೂರೂ ಇಳಿಸಿದ್ದೇ. ತೆರೆಯ ಮೇಲಿನ ಗಾಡಿ ರಸ್ತೆಗೆ ಇಳಿಯೋದು ಎಲ್ಲಾ ಕಡೆ ಇದ್ದದ್ದೇ ಬಿಡಿ. 1980ರಲ್ಲಿ ‘ಆಟೋ ರಾಜ’ ಬಂದ ಮೇಲೆ ನಮ್ಮ ಆಟೋಗಳ ಮೇಲೆ ಶಂಕರಣ್ಣ ಕೂತದ್ದು ಇವತ್ತಿಗೂ ಇಳಿದಿಲ್ಲವಲ್ಲ!

ಈಗ ಹಳೇಬೀಡಿಗೆ ಬನ್ನಿ. ಬೇಲೂರು ರಸ್ತೆಯ ಕಡೆ ಒಂದು ವೆಲ್ಡಿಂಗ್ ಶೆಡ್ಡು. ಒಳಗೆ 1947ರ ಫಾರ್ಗೋ ಪಿಕಪ್. ಹುಡುಗನ ತಾತ ಇದರಲ್ಲೇ ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ಹಾಕಿಕೊಂಡು ಹೋಗುತ್ತಿದ್ದರಂತೆ. ತಾತ ಹೋದ ಮೇಲೆ ಗಾಡಿ ಕೊಟ್ಟಿಗೆ ಪಕ್ಕ ನಿಂತಿತ್ತು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಚಿಕ್ಕಪ್ಪ ಗುಜರಿಯವನನ್ನೇ ಕರೆಸಿದರು. ಕೇಜಿ ಲೆಕ್ಕದಲ್ಲಿ ಮಾತೂ ಆಯ್ತು. ಹುಡುಗ ಅಡ್ಡ ನಿಂತ. “ಸೂರು ಇಳ್ಸಿ, ಬಣ್ಣ ಹೊಡ್ದು ಶೂಟಿಂಗಿಗೆ ಬಾಡ್ಗೆ ಕೊಡ್ತೀನಿ ಚಿಕ್ಕಪ್ಪಾ, ದೀಪಾವಳಿವರ್ಗೂ ಟೈಮ್ ಕೊಡಿ” ಅಂದ. ಚಿಕ್ಕಪ್ಪ ಕೊಟ್ಟರು. ಕೆಟ್ಟರೆ ಗುಜರಿ ಗ್ಯಾರಂಟಿ.

ಮೇಸ್ತ್ರಿಗೆ ಅರವತ್ತು ದಾಟಿದೆ. ಲಾರಿ ಕ್ಯಾಬಿನ್ ಕಟ್ಟಿ ಕಟ್ಟಿ ಕೈ ಪಳಗಿದೆ. ಆ ಕಾಲದಲ್ಲಿ ಕಾರ್ಖಾನೆಯಿಂದ ಬಹುಪಾಲು ಲಾರಿಗಳು ಬರೀ ಛಾಸಿ, ಇಂಜಿನ್, ಮುಂದಿನ ಮೂತಿ ಇಷ್ಟರಲ್ಲೇ ಬರುತ್ತಿದ್ದವು. ಮರದ ಚೌಕಟ್ಟು ಹಾಕಿ, ತಗಡು ಹೊಡೆದು ಕ್ಯಾಬಿನ್ ಎಬ್ಬಿಸುತ್ತಿದ್ದವರು ನಮ್ಮ ಊರಿನ ಬಡಗಿಗಳು, ತಗಡು ಕೆಲಸದವರೇ. ಸೂರು ಕಟ್ಟಿ ಗೊತ್ತು ಮೇಸ್ತ್ರಿಗೆ. ಕೊಯ್ಯೋದು ಮಾತ್ರ ಇದೇ ಮೊದಲು!

“ಮೇಸ್ತ್ರಿ, ಐದಿಂಚು ಇಳ್ಸಿಬಿಡಿ. ಫೋಟೋದಲ್ಲಿ ಹಂಗೇ ಐತೆ.”

“ಐದಿಂಚು ಇಳ್ಸಿದ್ರೆ ನಿನ್ನ ತಲೆ ಎಲ್ಲಿಕ್ತೀಯಪ್ಪಾ?”

“ನಮ್ಮ ಹೊಯ್ಸಳೇಶ್ವರಂಗೇ ಗೋಪುರ ಇಲ್ಲ ಮೇಸ್ತ್ರಿ, ಜನ ಬಂದು ನೋಡಲ್ವಾ?”

ಮಾತು ಜೋರಾಗಿದೆ, ಒಪ್ಪಿದೆ. ಆದರೆ ಹುಡುಗ ಹದಿನಾರು ಕಿಲೋಮೀಟರು ಆಚೆ ಬೇಲೂರನ್ನೂ ನೋಡಬೇಕಿತ್ತು. ಚೆನ್ನಕೇಶವನ ಗರ್ಭಗುಡಿ ಮೇಲೆ ಇಟ್ಟಿಗೆ, ಮರದ ಗೋಪುರ ಇತ್ತು. ಕೆಳಗಿನ ಗುಡಿ ಉಳಿಯಲಿ ಅಂತ 1879ರಲ್ಲಿ ಅದನ್ನು ಇಳಿಸಿದರು. ಬೀಳೋದು ಬೇರೆ, ಲೆಕ್ಕ ಹಾಕಿ ಇಳಿಸೋದು ಬೇರೆ. ಮೇಸ್ತ್ರಿ ಕೂಡ ಅದನ್ನೇ ಮಾಡಿದರು, ಗರಗಸ ಮುಟ್ಟಲೇ ಇಲ್ಲ. ಒಂದು ರಟ್ಟು ತಂದು ಒಳಗಡೆ ಸೂರಿನಿಂದ ಐದಿಂಚು ಕೆಳಗೆ ಕಟ್ಟಿದರು. ಮುಂದಿನ ಗಾಜಿಗೆ ಅಷ್ಟೇ ಅಗಲ ಕಪ್ಪು ಕಾಗದ ಅಂಟಿಸಿದರು. “ಹತ್ತಿ ಕೂತ್ಕೋ” ಅಂದರು. ಹುಡುಗ ಕೂತ. ತಲೆ ರಟ್ಟಿಗೆ ತಾಗಿತು. ರಸ್ತೆ ನೋಡಬೇಕಾದರೆ ಕತ್ತು ಬಗ್ಗಿಸಬೇಕು. ನಾಲ್ಕಿಂಚಿಗೂ ಅದೇ ಪಾಡು. ಮೂರಕ್ಕೆ ಬಂದಾಗ, ಸೀಟು ಸ್ವಲ್ಪ ಇಳಿಸಿದರೆ ಸರಿಹೋಗುತ್ತೆ ಅಂತ ತೀರ್ಮಾನ ಆಯ್ತು. ಎರಡು ರೂಪಾಯಿ ರಟ್ಟು ಗಾಡಿ ಉಳಿಸಿತು ನೋಡಿ!

ಮುಂದಿನ ಹದಿನೈದು ದಿನವೂ ಕೊಯ್ಯಲಿಲ್ಲ. ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಶೆಡ್ಡಿನ ಹೊರಗೆ ದೂರ ಇಟ್ಟರು. ಕೆಲವು ಹಳೇ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬಿನ್ನಿನ ಒಳಗೇ, ಸೀಟಿನ ಹಿಂದೆಯೋ ಅಡಿಯಲ್ಲೋ ಇರುತ್ತೆ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಯಾಕೆಂದರೆ ಒಳಗೆ ಆವಿ ನಿಂತಿರುತ್ತೆ. ಒಂದು ಕಿಡಿ ಸಾಕು, ಕ್ಲೈಮ್ಯಾಕ್ಸ್ ಶೆಡ್ಡಿನಲ್ಲೇ ಮುಗಿಯುತ್ತೆ. ಆಮೇಲೆ ಬ್ಯಾಟರಿ ತೆಗೆದರು, ಗಾಜೆಲ್ಲಾ ಬಿಚ್ಚಿದರು. ಬಾಗಿಲು ಮುಚ್ಚಿಟ್ಟು, ಒಳಗೆ ಅಡ್ಡ ಉದ್ದ ಕಬ್ಬಿಣದ ಆಂಗಲ್ ಹಾಕಿ ಬಿಗಿದರು. ಕಂಬ ಕತ್ತರಿಸಿದ ಕೂಡಲೇ ಕ್ಯಾಬಿನ್ ಅತ್ತಿತ್ತ ಜರುಗುತ್ತೆ, ಒಂದು ನೂಲು ಜರುಗಿದರೂ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚಲ್ಲ. ಕೊನೆಗೆ ರಸಮಟ್ಟ ಇಟ್ಟು ಗಾಡಿಯನ್ನು ಸಮ ಮಾಡಿ, ನಾಲ್ಕು ಕಂಬಕ್ಕೂ ಟೇಪು ಸುತ್ತಿ ಗುರುತು ಹಾಕಿದರು. ಅಳತೆ ಮೂರು ಸಲ, ಮೂರು ಜನರ ಕೈಯಲ್ಲಿ.

ಕೊಯ್ದದ್ದು ಒಂದು ಭಾನುವಾರ ಬೆಳಿಗ್ಗೆ. ಗುರುತಿಗಿಂತ ಒಂದು ಕೂದಲೆಳೆ ಉಳಿಸಿಯೇ ಕೊಯ್ದರು. ಜಾಸ್ತಿ ಉಳಿದದ್ದನ್ನು ಅರದಿಂದ ಉಜ್ಜಬಹುದು, ಕಡಿಮೆಯಾದದ್ದು ಬೆಳೆಯಲ್ಲ. ಹುಡುಗನ ಸ್ನೇಹಿತರು ನಾಲ್ವರು ಸೂರನ್ನು ಹಿಡಿದು ನಿಧಾನಕ್ಕೆ ಇಳಿಸಿದರು. ಹಿಂದಿನ ಎರಡು ಕಂಬ ಸರಿಯಾಗಿ ಕೂತವು, ಮುಂದಿನವು ಕೂರಲಿಲ್ಲ! ಹುಡುಗನ ಮುಖದಲ್ಲಿ ರಕ್ತ ಇಲ್ಲ. ಮೇಸ್ತ್ರಿ ಬೀಡಿ ಹಚ್ಚಿಕೊಂಡು ನಕ್ಕರು. ಕಾರಣ ಇಷ್ಟೇ. ಮುಂದಿನ ಕಂಬ ಹಿಂದಕ್ಕೆ ವಾಲಿರುತ್ತೆ. ಮಧ್ಯದ ತುಂಡು ತೆಗೆದು ಸೂರನ್ನು ನೇರ ಇಳಿಸಿದಾಗ ಮೇಲಿನ ತುದಿ ಕೆಳಗಿನ ತುದಿಗಿಂತ ಸ್ವಲ್ಪ ಹಿಂದೆ ನಿಲ್ಲುತ್ತೆ. ಸೂರನ್ನು ಅಡ್ಡಕ್ಕೆ ಸೀಳಿ ನಡುವೆ ಪಟ್ಟಿ ಸೇರಿಸಿ ಉದ್ದ ಮಾಡೋದು ಒಂದು ದಾರಿ. ಕಂಬದ ಬುಡಕ್ಕೆ ಸಣ್ಣ ಸೀಳು ಹಾಕಿ ಇನ್ನಷ್ಟು ಹಿಂದಕ್ಕೆ ಬಾಗಿಸೋದು ಇನ್ನೊಂದು ದಾರಿ. ಮೇಸ್ತ್ರಿ ಎರಡನೆಯದನ್ನು ಹಿಡಿದರು. ಹಳೇ ಟ್ರಕ್ಕಿನ ಕಂಬ ಹೆಚ್ಚುಕಮ್ಮಿ ನೆಟ್ಟಗಿರುತ್ತೆ, ಅದಕ್ಕೇ ಮೊದಲ ಸಲದವರಿಗೆ ಕಾರಿಗಿಂತ ಟ್ರಕ್ಕೇ ವಾಸಿ.

ಬೆಸುಗೆಯೂ ಒಂದೇ ಉಸಿರಿಗೆ ಅಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡಬೇಕು. ಒಂದೇ ಕಡೆ ಕಾಯಿಸಿದರೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಾಗುತ್ತೆ. ಇನ್ನು ಗಾಜು. ಮುಂದಿನ ಗಾಜು ಎರಡು ತುಂಡು, ಎರಡೂ ಚಪ್ಪಟೆ. ನಡುವೆ ಪದರ ಇರುವ ಲ್ಯಾಮಿನೇಟೆಡ್ ಗಾಜನ್ನು ಅಂಗಡಿಯಲ್ಲಿ ಹೊಸ ಅಳತೆಗೆ ಕೊಯ್ಯುತ್ತಾರೆ. ಟಫನ್ ಮಾಡಿದ ಗಾಜಿಗೆ ಕೈ ಹಾಕಬೇಡಿ, ಮುಟ್ಟಿದರೆ ಸಕ್ಕರೆ ಹರಳಾಗಿ ಉದುರುತ್ತೆ.

ಸಂಜೆ ಹುಡುಗನ ಅಜ್ಜಿ ಬಂದರು. ಕೆಳಗೆ ಬಿದ್ದಿದ್ದ ಮೂರಿಂಚಿನ ನಾಲ್ಕು ತುಂಡು ನೋಡಿದರು. “ಇಷ್ಟೇನಾ ಮಗಾ ತೆಗ್ದಿದ್ದು? ನಿಮ್ಮ ತಾತ ಪೇಟ ಸುತ್ಕಂಡು ಕೂರ್ತಿದ್ರು, ಅದ್ಕೆ ಇಷ್ಟೇ ಜಾಗ ಬೇಕಿತ್ತು” ಅಂದರು. ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಆ ನಾಲ್ಕು ತುಂಡನ್ನು ಒರೆಸಿ, ಯಾವುದು ಯಾವ ಕಂಬದ್ದು ಅಂತ ಸೀಮೆಸುಣ್ಣದಲ್ಲಿ ಬರೆದು ಅಜ್ಜಿ ಕೈಗೇ ಕೊಟ್ಟ. ದೀಪಾವಳಿಗೆ ಎಂಟು ದಿನ ಇರುವಾಗ ಚಿಕ್ಕಪ್ಪ ಬಂದು ಗಾಡಿ ಸುತ್ತ ಎರಡು ಸುತ್ತು ಹಾಕಿದರು. ಬಾಗಿಲು ತೆಗೆದು ಮುಚ್ಚಿದರು. ‘ಟಕ್’ ಅಂತು. “ಗುಜರಿಯವ್ನಿಗೆ ಬರ್ಬೇಡ ಅಂದಿದೀನಿ” ಅಂತ ಹೇಳಿ ಹೊರಟೇಹೋದರು.

ಈಗ ಕಹಿ ಗುಳಿಗೆ ನುಂಗಿ ಗೆಳೆಯರೇ. ಇಂಥ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಬಿದ್ದರೂ ಬಿತ್ತು. 2021ರಲ್ಲಿ ಐವತ್ತು ವರ್ಷ ದಾಟಿದ ಬೈಕು, ಕಾರುಗಳಿಗೆ ‘ವಿಂಟೇಜ್’ ನೋಂದಣಿ ಬಂತು, ಅಲ್ಲೂ ಷರತ್ತು ಒಂದೇ: ಗಾಡಿ ಮೂಲ ರೂಪದಲ್ಲೇ ಇರಬೇಕು. ಸೂರು ಕೊಯ್ದ ದಿನವೇ ಆ ಬಾಗಿಲು ಮುಚ್ಚಿತು. ನಮ್ಮ ಹುಡುಗನಿಗೆ ಇದು ಗೊತ್ತು. ಅವನ ಫಾರ್ಗೋ ಶೂಟಿಂಗ್ ಜಾಗಕ್ಕೆ ಇನ್ನೊಂದು ಲಾರಿಯ ಬೆನ್ನೇರಿ ಹೋಗುತ್ತೆ, ಬೇಲಿಯ ಒಳಗೇ ಓಡುತ್ತೆ.

ಆದ್ದರಿಂದ, ನಿಮ್ಮ ಮನೆ ಹಿತ್ತಲಲ್ಲಿ ಹಳೇ ಗಾಡಿ ನಿಂತಿದ್ದರೆ, ಎಲ್ಲಾ ಭಾಗ ನೆಟ್ಟಗಿದ್ದರೆ, ಕೊಯ್ಯಬೇಡಿ, ಹಾಗೇ ಉಳಿಸಿ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಿ ಬನ್ನಿ, ಮೂಲ ರೂಪದ ಗಾಡಿಯ ಗತ್ತು ಏನು ಅಂತ ಗೊತ್ತಾಗುತ್ತೆ. ಗುಜರಿಗೇ ಹೋಗಬೇಕಾದ ಗಾಡಿ ಆದರೆ, ಹಟವೂ ಇದ್ದರೆ, ಗರಗಸಕ್ಕಿಂತ ಮುಂಚೆ ರಟ್ಟು ತಗೊಳ್ಳಿ. ಕೊಯ್ಯೋದು ಒಂದು ಬೆಳಗಿನ ಕೆಲಸ, ಅಳೆಯೋದೇ ನಿಜವಾದ ಕೆಲಸ.

ಮುಂದಿನ ವಾರ: ತೆರೆಯ ಮೇಲೆ ಉರುಳಿ ಬೀಳುವ ಜೀಪಿನೊಳಗೆ ಇರೋದು ಯಾರು? ಕಾದು ನೋಡಿ!