ಸೀರೆ ‘ಹಾಕಿಕೊಳ್ಳುವ’ ಕನ್ನಡ

ಹೋದ ವರ್ಷದ ಪರೀಕ್ಷೆಯಾದ ಮೇಲೆ ಕೂಡ್ಲಿಗಿ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿ ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಊರಿನ ಸಂಭ್ರಮವೊಂದನ್ನು ಕುರಿತ ಪ್ರಬಂಧದಲ್ಲಿ ಅವಳು ತನ್ನ ಅಕ್ಕನಿಗೆ ಕುಬುಸ ಮಾಡಿದ ಬಗೆಯನ್ನು ಬರೆದಿದ್ದಳು: ತವರಿನವರು ಹಸಿರು ಸೀರೆ, ಕಣ ತಂದದ್ದು, ಬಳೆ ಇಡಿಸಿದ್ದು, ಉಡಿ ತುಂಬಿದ್ದು. ಬರಹ ಅಚ್ಚುಕಟ್ಟಾಗಿತ್ತು. ಮೌಲ್ಯಮಾಪನ ಮಾಡಿದ ಮಹನೀಯರು ‘ಕುಬುಸ’ ಎಂದಿದ್ದಲ್ಲೆಲ್ಲ ಕೆಂಪು ಗೆರೆ ಎಳೆದು, ‘ಗ್ರಾಮ್ಯ, ಸೀಮಂತ ಎಂದಿರಬೇಕು’ ಎಂದು ಬದಿಯಲ್ಲಿ ಬರೆದು, ಅಂಕ ಕಳೆದಿದ್ದರು. ಹುಡುಗಿ ಅಂಕದ ಮಾತೆತ್ತಲಿಲ್ಲ. “ನಮ್ಮವ್ವ ಆಡೋ ಮಾತು ತಪ್ಪೇನ್ರೀ ಸರ?” ಎಂದು ಕೇಳಿದಳು, ಅಷ್ಟೆ.

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಆ ಕೆಂಪು ಗೆರೆಯನ್ನು ನಾನೂ ಎಳೆದವನೇ. ಎಷ್ಟೋ ವರ್ಷ ‘ಕುಬುಸ’ವನ್ನು ತಿದ್ದಿ ‘ಕುಪ್ಪಸ’ ಮಾಡಿದ್ದೇನೆ. ಕುಪ್ಪಸವೂ ಸಂಸ್ಕೃತದ ಕೂರ್ಪಾಸ ಕನ್ನಡದ ಬಾಯಲ್ಲಿ ಸವೆದು ಆದದ್ದು ಎಂಬುದನ್ನು ತರಗತಿಯಲ್ಲಿ ತದ್ಭವದ ಪಾಠ ಹೇಳುವಾಗ ಹೆಮ್ಮೆಯಿಂದ ವಿವರಿಸಿ, ಅದೇ ಕೈಯಿಂದ ಕುಬುಸವನ್ನು ಹೊಡೆದುಹಾಕಿದ್ದೇನೆ! ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಸವೆತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಪಂಡಿತನ ಬಾಯಲ್ಲಿ ಸವೆದರೆ ತದ್ಭವ, ಕೂಡ್ಲಿಗಿಯ ತಾಯಿಯ ಬಾಯಲ್ಲಿ ಸವೆದರೆ ಗ್ರಾಮ್ಯ ಎನ್ನುವ ಈ ನ್ಯಾಯ ಯಾವ ವ್ಯಾಕರಣದ್ದು?

ಕುಬುಸವೆಂಬುದು ನಮ್ಮ ಈ ಐದು ತಾಲ್ಲೂಕುಗಳಲ್ಲಿ, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ, ಬರಿಯ ರವಿಕೆಯ ಹೆಸರಲ್ಲ. ಬಸುರಿಗೆ ತವರು ಮಾಡುವ ಮರ್ಯಾದೆಯ ಹೆಸರೂ ಹೌದು. ಒಂದು ತುಂಡು ಬಟ್ಟೆ ಒಂದು ಶುಭಕಾರ್ಯಕ್ಕೆ ಹೆಸರಾಗಿ ನಿಂತಿದೆ. ‘ಮಗಳಿಗೆ ಬ್ಲೌಸ್ ಮಾಡಿದೆವು’ ಎಂದು ಹೇಳಿನೋಡಿ; ಕೇಳಿದವರು ದರ್ಜಿಯ ಅಂಗಡಿಯ ವಿಳಾಸವನ್ನು ವಿಚಾರಿಸಿಯಾರು!

ಈ ಸೀಮೆಯ ಮೇಲಿನ ಹಲಗೆಗಳು ಎಷ್ಟೋ ಸಲ ಬದಲಾದವು. ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಈ ಭಾಗ 1953ರಲ್ಲಿ ಮೈಸೂರಿಗೆ ಬಂತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಮಿಕ್ಕ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟು ಹಲಗೆಗಳು ಇಳಿದು ಏರಿದರೂ ಹೆಂಗಸರ ಮಾತಿನ ಕುಬುಸ ಕುಬುಸವಾಗಿಯೇ ಉಳಿಯಿತು. ಸರಕಾರಗಳು ಅಳಿಸಲಾರದ್ದನ್ನು ಅಳಿಸಲು ಕನ್ನಡದ ಮೇಷ್ಟರೇ ಬೇಕಾಯಿತು.

ಹೆಸರುಗಳು ಹೋಗುವುದಕ್ಕಿಂತ ಕ್ರಿಯಾಪದಗಳು ಹೋಗುವುದು ದೊಡ್ಡ ನಷ್ಟ. ಕನ್ನಡದಲ್ಲಿ ಸುತ್ತಿಕೊಳ್ಳುವ ಬಟ್ಟೆಯನ್ನು ಉಡುತ್ತಾರೆ, ಹೊಲಿದದ್ದನ್ನು ತೊಡುತ್ತಾರೆ, ಶಾಲನ್ನು ಹೊದೆಯುತ್ತಾರೆ, ಸೆರಗನ್ನು ಹೊತ್ತುಕೊಳ್ಳುತ್ತಾರೆ, ರುಮಾಲು ಸುತ್ತುತ್ತಾರೆ, ಹೂವು ಮುಡಿಯುತ್ತಾರೆ, ಬಳೆ ಇಟ್ಟುಕೊಳ್ಳುತ್ತಾರೆ, ಕೆರ ಮೆಟ್ಟುತ್ತಾರೆ. ಉಡುಗೆ ತೊಡುಗೆ ಎಂಬ ಜೋಡುನುಡಿ ಹುಟ್ಟಿದ್ದು ಈ ವಿವೇಕದಿಂದ. ಬಟ್ಟೆ ಮೈಯನ್ನು ಹೇಗೆ ಕೂಡುತ್ತದೆಂಬುದನ್ನು ಕ್ರಿಯಾಪದವೇ ಹೇಳುತ್ತಿತ್ತು. ಈಗಿನ ತರಗತಿಯಲ್ಲಿ, ಧಾರಾವಾಹಿಯಲ್ಲಿ, ಕಥೆಗಳಲ್ಲೂ, ಒಂದೇ ಮಾತು: ‘ಹಾಕಿಕೊ’. ಸೀರೆ ಹಾಕಿಕೊಂಡಳು, ಬಳೆ ಹಾಕಿಕೊಂಡಳು, ಚಪ್ಪಲಿ ಹಾಕಿಕೊಂಡಳು. ಹಡಗಲಿಯ ಮಲ್ಲಿಗೆ ನಾಡಿಗೇ ಹೆಸರಾದದ್ದು. ಆ ಹಡಗಲಿಯ ಹುಡುಗಿಯೇ ಇಂದು ಮಲ್ಲಿಗೆಯನ್ನು ‘ಹಾಕಿಕೊಂಡು’ ಕಾಲೇಜಿಗೆ ಬರುತ್ತಾಳೆ. ಇಂಗ್ಲಿಷಿನವರಿಗೆ ಇದಕ್ಕೆಲ್ಲ ಒಂದೇ ಕ್ರಿಯಾಪದ ಸಾಕು. ಅದು ಅವರ ಭಾಷೆಯ ಜಾಯಮಾನ. ಎಂಟು ಇದ್ದವರು ಏಳನ್ನು ತಿಪ್ಪೆಗೆ ಚೆಲ್ಲಿ ಒಂದರಲ್ಲಿ ಬದುಕುತ್ತೇವೆನ್ನುವುದು ಯಾವ ಜಾಯಮಾನ?

ಇಲ್ಲಿ ಯಾರಾದರೂ ಎದ್ದುನಿಂತು, “ಹಾಗಾದರೆ ಚೂಡಿದಾರವನ್ನು ಬಿಟ್ಟು ಹುಡುಗಿಯರು ಮತ್ತೆ ಕಚ್ಚೆ ಸೀರೆ ಉಡಬೇಕೇನು?” ಎಂದು ಕೇಳಬಹುದು. ಅಲ್ಲ, ಸರ್ವಥಾ ಅಲ್ಲ. ಯಾರು ಏನು ತೊಡಬೇಕೆಂಬುದು ತೊಡುವವರ ಇಷ್ಟ. ಅದರಲ್ಲಿ ಬಾಯಿ ಹಾಕಲು ಗಂಡಸಾದ ನನಗೆ ಯಾವ ಅಧಿಕಾರವೂ ಇಲ್ಲ. ಬಂದ ಹೆಸರುಗಳ ಮೇಲೂ ನನಗೆ ಮುನಿಸಿಲ್ಲ. ಕಮೀಜು ಲ್ಯಾಟಿನ್ನಿನಿಂದ ಅರಬ್ಬಿಗೆ ಹೋಗಿ ನಮ್ಮಲ್ಲಿಗೆ ಬಂದ ಪದ. ಪಾರಸಿಯ ಪೈಜಾಮ ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಉಣ್ಣೆಯ ಅಂಗಿಗೆ ಜಂಪರ್ ಎನ್ನುತ್ತಾರೆ. ನಮ್ಮ ಹೆಂಗಸರು ಅದನ್ನು ಹಿಡಿದು ತಂದು, ರವಿಕೆಗೆ ಹೊಂದಿಸಿ, ‘ಜಂಪರು’ ಮಾಡಿಕೊಂಡರು. ಪರಕಾರ, ಪೋಲಕ, ಲಂಗ, ಎಲ್ಲವೂ ಹೀಗೆಯೇ ಕನ್ನಡದ ಮನೆಯ ಸೊಸೆಯರಾದವು. ಸೊಸೆ ಬರಲಿ, ಬೇಡವೆಂದವರಾರು? ಬಂದ ಸೊಸೆಗಾಗಿ ಅತ್ತೆಯನ್ನು ಹೊರಗೆ ಹಾಕಬೇಕೆಂಬ ಕಟ್ಟಳೆಯಿದೆಯೆ? ಸೆರಗಿರುವಾಗ ಪಲ್ಲು, ದಡಿಯಿರುವಾಗ ಬಾರ್ಡರ್, ನೆರಿಗೆಯಿರುವಾಗ ಪ್ಲೀಟ್ಸ್, ತೋಳಿರುವಾಗ ಸ್ಲೀವ್ಸ್ ಏತಕ್ಕೆ?

“ಪೇಟೆಯಲ್ಲಿ ಕನ್ನಡ ನಡೆಯುವುದಿಲ್ಲ” ಎನ್ನುವುದು ಇನ್ನೊಂದು ವಾದ. ಇದು ಸುಳ್ಳೆಂದು ತೋರಿಸಲು ಒಂದು ಪದ ಸಾಕು: ಕುಚ್ಚು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಇಂದು ಊರೂರಿನ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ತರುವ ಕೆಲಸ. ಅವರು ಹೊಸ ಹೊಸ ಮಾದರಿಗಳನ್ನು ಕಟ್ಟಿದರು, ‘ಬೇಬಿ ಕುಚ್ಚು’ ಎಂಬಂಥ ಕಲಬೆರಕೆ ಹೆಸರುಗಳನ್ನೂ ಇಟ್ಟರು, ಕುಚ್ಚನ್ನು ಮಾತ್ರ ಬಿಡಲಿಲ್ಲ. ಮೇಷ್ಟರುಗಳ ಕಣ್ಣಿಗೆ ಬೀಳದೆ ಇದ್ದುದರಿಂದಲೇ ಅದು ಉಳಿಯಿತೋ ಏನೋ! ನಮ್ಮ ಕಣ್ಣಿಗೆ ಬಿದ್ದಿದ್ದರೆ ‘ತಂತುಗುಚ್ಛ’ ಎಂದೇನೋ ಒಂದನ್ನು ಹೆತ್ತು ಅದನ್ನು ಕೊಂದಿರುತ್ತಿದ್ದೆವು. ಕಂಠರೇಖೆ, ಬಾಹುಭಾಗ ಎಂದು ಟಂಕಿಸುವ ಪಂಡಿತರಿಗೂ ‘ನೆಕ್’, ‘ಸ್ಲೀವ್’ ಎಂದೇ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸುವ ತರಬೇತಿಯವರಿಗೂ ನಡುವೆ ನನಗೆ ಭೇದ ಕಾಣುವುದಿಲ್ಲ. ಹೊಲಿಯುವವಳು ಕೊರಳು, ತೋಳು, ಕಸೆ, ಲಾಡಿ, ಕಾಜ, ಪಟ್ಟಿ, ತೇಪೆ ಎನ್ನುತ್ತಾಳೆಂಬುದನ್ನು ಇಬ್ಬರೂ ಕೇಳಲಿಲ್ಲ.

ಪದ ಹೋದರೆ ಗಂಟೇನು ಹೋಯಿತು ಎನ್ನುವವರಿಗೆ ಇಳಕಲ್ಲಿನ ಸೀರೆಯ ಮಾತು ಹೇಳುತ್ತೇನೆ. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ‘ಕೊಂಡಿ’ ಎಂದು ಹೆಸರು. ಈ ಪದ ಬಲ್ಲವಳು ಅಂಗಡಿಯಲ್ಲಿ ಸೀರೆ ಬಿಚ್ಚಿಸಿ, ಸೆರಗು ಒಡಲನ್ನು ಕೂಡುವೆಡೆಯನ್ನು ತಿರುವಿ ನೋಡಿ, “ಕೊಂಡಿ ಎಲ್ಲೈತಿ?” ಎಂದು ಕೇಳಬಲ್ಲಳು. ಅರಿಯದವಳು ಬಣ್ಣ ಒಂದನ್ನೇ ನೋಡಿ, ನಕಲಿಗೆ ಅಸಲಿನ ಬೆಲೆ ತೆತ್ತು ಬರುವಳು. ಅಲ್ಲಿ ಕೊಳ್ಳುವವಳಿಗೆ ಮೋಸ, ಮಗ್ಗದ ಮುಂದೆ ಕುಳಿತವನಿಗೆ ಹೊಟ್ಟೆಯ ಮೇಲೆ ಹೊಡೆತ. ಗಂಟು ಹೋಗುವುದು ಹೀಗೆ.

ಇನ್ನು ನಮ್ಮ ಎಲೆಯಲ್ಲಿ ಬಿದ್ದಿರುವ ಕತ್ತೆಯನ್ನೂ ನೋಡಬೇಕು. ಇಂಗ್ಲಿಷು ನಮಗೆ ಮಾಡಿತೆಂದು ಗೋಳಾಡುವುದನ್ನೇ ನಾವು ಲಂಬಾಣಿಗರಿಗೆ ಮಾಡುತ್ತಿದ್ದೇವೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ತಾಂಡಾಗಳ ಹೆಂಗಸರು ತೊಡುವ ಫೇಟಿಯಾ, ಕಾಂಚಳಿ, ಟುಕ್ರಿಗಳೆಲ್ಲ ನಮ್ಮ ಬಾಯಲ್ಲಿ ‘ಲಂಬಾಣಿ ಡ್ರೆಸ್ಸು’. 2023ರ ಜುಲೈಯಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಸ್ತ್ರೀಯರು ಕಸೂತಿ ಹಾಕಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಚಪ್ಪಾಳೆ ತಟ್ಟಿದೆವು, ಒಳ್ಳೆಯದೇ. ಆ ಕಸೂತಿಯ ಒಂದೊಂದು ಹೊಲಿಗೆಗೂ ಗೋರ್ ಬೋಲಿಯಲ್ಲಿ ಬೇರೆ ಬೇರೆ ಹೆಸರಿದೆಯೆಂದು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಕೇಳಿ ತಿಳಿದರು? ನನ್ನ ತರಗತಿಯ ಕಡೆಯ ಸಾಲಿನಲ್ಲಿ ತಾಂಡಾದ ಹುಡುಗಿಯರು ಕುಳಿತಿರುತ್ತಾರೆ. ಹತ್ತು ವರ್ಷ ನಾನೂ ಕೇಳಲಿಲ್ಲ.

ಇದೆಲ್ಲ ಹೆಂಗಸರ ಬಟ್ಟೆಯ ಮಾತು, ಸಾಹಿತ್ಯಪುಟಕ್ಕೆ ತಕ್ಕುದೆ ಎಂದು ಮೂಗು ಮುರಿಯುವವರೂ ಇರಬಹುದು. ಊರ ಸೆರಗು, ಹಣೆಯ ನೆರಿಗೆ, ಸೆರಗೊಡ್ಡಿ ಬೇಡು, ಟೊಂಕ ಕಟ್ಟಿ ನಿಲ್ಲು: ಸಾಹಿತ್ಯ ಈ ನುಡಿಗಟ್ಟುಗಳನ್ನು ಸಾಲ ತಂದದ್ದು ಎಲ್ಲಿಂದ? ಹೆಣ್ಣಿನ ಮೈಗೆ ಉಪಮೆ ಹುಡುಕುವುದರಲ್ಲಿ ಕವಿಗಳು ತೋರಿದ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲನ್ನು ಅವಳ ಕುಬುಸ ಹೊಲಿದ ಕೈಯ ಮಾತು ಕೇಳುವುದರಲ್ಲಿ ನಾವು ತೋರಿದ್ದರೆ, ನಮ್ಮ ನಿಘಂಟುಗಳು ಇನ್ನಷ್ಟು ದಪ್ಪವಾಗಿರುತ್ತಿದ್ದವು.

ಆದುದರಿಂದ ನಾನು ಕೇಳುವುದು ಮೂರೇ. ಮೌಲ್ಯಮಾಪನಕ್ಕೆ ಕುಳಿತುಕೊಳ್ಳುವ ನನ್ನ ಸಹೋದ್ಯೋಗಿಗಳು ಕುಬುಸ, ದಡಿ, ಉಡಿ, ಪರಕಾರಗಳ ಮೇಲಿನ ಕೆಂಪು ಗೆರೆಯನ್ನು ನಿಲ್ಲಿಸಲಿ. ಹೊಲಿಗೆಯ ತರಬೇತಿಗೆ ಕೈಪಿಡಿ ಬರೆಯುವವರು ಮೊದಲು ಹೊಲಿಯುವವರನ್ನು ಕೇಳಲಿ. ಈ ಐದು ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳು ಒಬ್ಬೊಬ್ಬರೂ ಅಜ್ಜಿಯಿಂದ, ದರ್ಜಿಯಿಂದ, ತಾಂಡಾದಿಂದ ಐವತ್ತು ಮಾತುಗಳನ್ನು, ಆಡಿದ ವಾಕ್ಯದೊಡನೆ, ಬರೆದು ತರಲಿ. 1991ರಿಂದ ಹಂಪಿಯಲ್ಲಿರುವ ಕನ್ನಡ ವಿಶ್ವವಿದ್ಯಾಲಯ ಅವನ್ನು ಕೂಡಿಸಿ ಅಚ್ಚುಮಾಡಲಿ.

ಆ ಹುಡುಗಿಗೆ ಅಂದು ನಾನು, “ತಪ್ಪು ನಿಮ್ಮವ್ವನದಲ್ಲವ್ವಾ, ನಮ್ಮದು” ಎಂದು ಹೇಳಿ ಕಳುಹಿಸಿದೆ. ಕಳೆದ ಅಂಕಗಳು ಅವಳಿಗೆ ಮರಳಿ ಬರಲಿಲ್ಲ. ಈ ವರ್ಷ ಅವಳು ತನ್ನ ಓಣಿಯಿಂದ ಬರೆದು ತಂದ ಪಟ್ಟಿಯಲ್ಲಿ ಅರುವತ್ತೆರಡು ಪದಗಳಿವೆ. ಅವುಗಳಲ್ಲಿ ಹನ್ನೊಂದು ನನಗೆ ತಿಳಿದಿರಲಿಲ್ಲ.