ಲೈಫ್ ಟೈಮ್ ಆಯಿಲ್ ಅಂತೆ... ಯಾರ ಲೈಫು ಮಾರಾಯ್ರೇ?

ಶಾಲಾ ವಾಹನಗಳ ಲೆಕ್ಕಪತ್ರ ನೋಡುವ ಮೇಷ್ಟ್ರುಗಳೇ, ರಕ್ಷಕ-ಶಿಕ್ಷಕ ಸಂಘದ ಖಜಾಂಚಿಗಳೇ, ಸ್ವಂತ ಕಾರಿರುವ ಟೀಚರುಗಳೇ, ಇವತ್ತು ನಿಮ್ಮೆಲ್ಲರ ಹತ್ತಿರ ಒಂದು ಜಗಳ ಉಂಟು. ಗೇರ್ ಬಾಕ್ಸ್ ಆಯಿಲ್ ಮತ್ತು ಹಿಂದಿನ ಹೌಸಿಂಗ್ ಆಯಿಲ್ ಬಗ್ಗೆ. ಸರ್ವಿಸಿಗೆ ಬಿಟ್ಟಾಗ "ಇದನ್ನು ಯಾವಾಗ ಬದಲಿಸಬೇಕು?" ಎಂದು ಕೇಳಿ ನೋಡಿ. ಇಸ್ತ್ರಿ ಹಾಕಿದ ಅಂಗಿಯ ಯುವಕನೊಬ್ಬ ಕಂಪ್ಯೂಟರಿನಿಂದ ತಲೆ ಎತ್ತದೆ, "ಅದು ಲೈಫ್ ಟೈಮ್ ಫಿಲ್ ಸಾರ್, ಮುಟ್ಟುವುದೇ ಬೇಡ" ಎನ್ನುತ್ತಾನೆ. ನಮ್ಮವರಿಗೂ ಖುಷಿ. ಒಂದು ಖರ್ಚು ಉಳಿಯಿತಲ್ಲ!

ನನ್ನ ತಕರಾರು ಆ ಒಂದು ಶಬ್ದದ ಮೇಲೆ. ಲೈಫ್ ಟೈಮ್ ಎಂದರೆ ಯಾರ ಲೈಫು? ನಮ್ಮದೋ, ಗಾಡಿಯದೋ, ಗ್ಯಾರಂಟಿ ಕಾರ್ಡಿನದೋ?

ಕನ್ನಡ ಪತ್ರಿಕೆಗಳಿಗೆ ಆಜೀವ ಚಂದಾ ಕಟ್ಟಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಚಂದಾದಾರ ಗಟ್ಟಿಮುಟ್ಟಾಗಿ ಇದ್ದಾನೆ, ಪತ್ರಿಕೆ ಎಂದೋ ಕಣ್ಣು ಮುಚ್ಚಿತು. 2005ರ ಕೊನೆಗೆ ಮೊಬೈಲ್ ಕಂಪೆನಿಗಳು 999 ರೂಪಾಯಿಗೆ ಲೈಫ್ ಟೈಮ್ ಇನ್‌ಕಮಿಂಗ್ ಮಾರಿದ್ದು ನೆನಪುಂಟಲ್ಲ? 2018ರಲ್ಲಿ ತಿಂಗಳು ತಿಂಗಳು ರೀಚಾರ್ಜ್ ಮಾಡದಿದ್ದರೆ ಕರೆ ಬರುವುದಿಲ್ಲ ಎಂದರು. ಮಾರುವವನ ಬಾಯಲ್ಲಿ ಬರುವ 'ಆಜೀವ'ದ ಉದ್ದವನ್ನು ಮಾರುವವನೇ ಅಳೆಯುತ್ತಾನೆ.

ಸರಿ, ವಿಷಯಕ್ಕೆ ಬರೋಣ. ಆ ಯುವಕ ಹೇಳುವುದರಲ್ಲಿ ಅರ್ಧ ಸತ್ಯ ಉಂಟು, ಅದನ್ನು ಮೊದಲು ಒಪ್ಪಿಬಿಡುತ್ತೇನೆ. ಎಂಜಿನ್ ಆಯಿಲ್‌ಗೆ ಬರುವ ಕಷ್ಟ ಗೇರ್ ಆಯಿಲ್‌ಗೆ ಇಲ್ಲ. ಎಂಜಿನ್ನಿನೊಳಗೆ ಇಂಧನ ಉರಿಯುತ್ತದೆ, ಮಸಿ ಇಳಿಯುತ್ತದೆ, ಆಮ್ಲ ಹುಟ್ಟುತ್ತದೆ, ಹಾಗಾಗಿ ಎಣ್ಣೆ ಬೇಗ ಕಪ್ಪಾಗುತ್ತದೆ. ಗೇರ್ ಬಾಕ್ಸ್‌ನಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಈಗಿನ ಸಿಂಥೆಟಿಕ್ ಎಣ್ಣೆಗಳೂ ಹಳೆಯ ಕಾಲದ 90 ನಂಬ್ರ ಆಯಿಲ್‌ಗಿಂತ ಹೆಚ್ಚು ಬಾಳುತ್ತವೆ. ಆದ್ದರಿಂದ ಎಂಜಿನ್ ಆಯಿಲಿನ ಹಾಗೆ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನೂ ಕೇಳಬೇಡಿ. ನಿಧಾನವಾಗಿ ಹಾಳಾಗುತ್ತದೆ, ಒಪ್ಪಿದೆ. ಹಾಳಾಗುವುದೇ ಇಲ್ಲ ಎನ್ನುವುದು ಬೇರೆ ಮಾತು.

ಹೌಸಿಂಗಿನೊಳಗೆ ನಡೆಯುವುದೇನು? ಹಿಂದಿನ ಚಕ್ರ ಎಳೆಯುವ ಓಮ್ನಿ, ಜೀಪು, ಬೊಲೆರೊ ಇಂಥವುಗಳಲ್ಲಿ ಉದ್ದದ ಶಾಫ್ಟ್ ತಂದ ಶಕ್ತಿಯನ್ನು ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಗೆ ದಾಟಿಸುತ್ತದೆ. ಇವು ಸಾಮಾನ್ಯವಾಗಿ ಹೈಪಾಯ್ಡ್ ಜಾತಿಯವು. ಪಿನಿಯನ್ ಕ್ರೌನಿನ ನಡುಮಟ್ಟದಲ್ಲಿ ಇರುವುದಿಲ್ಲ, ಸ್ವಲ್ಪ ಕೆಳಗೆ ಇರುತ್ತದೆ. ಹೀಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದು ಮಾತ್ರವಲ್ಲ, ಜಾರಿ ಉಜ್ಜುತ್ತವೆ. ಅಷ್ಟು ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ. ಅದಕ್ಕೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅವು ಬಿಸಿಯಾದಾಗ ಲೋಹದ ಮೈಮೇಲೆ ಒಂದು ತೆಳ್ಳನೆಯ ರಕ್ಷಾಪದರ ಕಟ್ಟುತ್ತವೆ. ಗೇರ್ ಆಯಿಲ್‌ಗೆ ಆ ಕೆಟ್ಟ ವಾಸನೆ ಬರುವುದು ಗಂಧಕದಿಂದಲೇ. ಈ ಪದರ ಸವೆಯುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಸವೆಯುತ್ತದೆ. ಪ್ರತಿ ಸಲವೂ ಆ ಸಂಯುಕ್ತ ಒಂದಿಷ್ಟು ಖರ್ಚಾಗುತ್ತದೆ. ಖರ್ಚಾಗುವ ವಸ್ತು ಆಜೀವ ಹೇಗಾದೀತು?

ಏಳನೇ ಕ್ಲಾಸಿನ ಮಕ್ಕಳಿಗೆ ಕೊಡಬಹುದಾದ ಒಂದು ಲೆಕ್ಕ: ಚಕ್ರದ ಸುತ್ತಳತೆ 1.7 ಮೀಟರ್. ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ 5 ಸುತ್ತು ತಿರುಗಬೇಕು. 40,000 ಕಿ.ಮೀ. ಓಡಿದಾಗ ಪಿನಿಯನ್ ಎಷ್ಟು ಸುತ್ತು ತಿರುಗಿತು? ಉತ್ತರ ಸುಮಾರು ಹನ್ನೊಂದು ಮುಕ್ಕಾಲು ಕೋಟಿ. ಅಷ್ಟು ಸುತ್ತಿಗೂ ಒಂದೆರಡು ಲೀಟರ್ ಎಣ್ಣೆ!

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಂಜಿನ್ನಿಗೆ ಆಯಿಲ್ ಫಿಲ್ಟರ್ ಉಂಟು. ನಮ್ಮ ಸಾಧಾರಣ ಗಾಡಿಗಳ ಮ್ಯಾನುವಲ್ ಗೇರ್ ಬಾಕ್ಸಿಗೂ ಹೌಸಿಂಗಿಗೂ ಫಿಲ್ಟರ್ ಇಲ್ಲ. ಹಲ್ಲು ಸವೆದ ಕಬ್ಬಿಣದ ಪುಡಿ ಎಲ್ಲಿ ಹೋಗಬೇಕು? ಎಣ್ಣೆಯಲ್ಲೇ ತಿರುಗುತ್ತಾ ಬೇರಿಂಗನ್ನು ಉಜ್ಜುತ್ತಾ ಇರಬೇಕು. ಕೆಲವು ಡ್ರೈನ್ ಪ್ಲಗ್ಗುಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಹಳೆ ಗಾಡಿಯ ಪ್ಲಗ್ ಬಿಚ್ಚಿಸಿ ನೋಡಿ, ಮುಳ್ಳುಹಂದಿ ಮರಿಯ ಹಾಗೆ ಪುಡಿ ಮೆತ್ತಿಕೊಂಡಿರುತ್ತದೆ. ಆ ಪುಡಿಯಲ್ಲಿ ದೊಡ್ಡ ಪಾಲು ಹೊಸ ಗಾಡಿಯ ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲಿ, ಹಲ್ಲಿಗೆ ಹಲ್ಲು ಹೊಂದಿಕೊಳ್ಳುವಾಗ ಉದುರಿದ್ದು. ಬಿಎಮ್‌ಡಬ್ಲ್ಯೂ ಕಂಪೆನಿ ತನ್ನ ವೇಗದ 'ಎಮ್' ಕಾರುಗಳಿಗೆ 2,000 ಕಿಲೋಮೀಟರಿಗೇ ಡಿಫರೆನ್ಷಿಯಲ್ ಆಯಿಲ್ ಬದಲಿಸುವುದು ಸುಮ್ಮನೆ ಅಲ್ಲ.

ಆಟೋಮ್ಯಾಟಿಕ್ ಗೇರಿನ ವಿಷಯದಲ್ಲಂತೂ ತಮಾಷೆ ಇನ್ನೂ ಹೆಚ್ಚು. ಜರ್ಮನಿಯ ಜೆಡ್‌ಎಫ್ ಎಂಬ ಕಂಪೆನಿ ದೊಡ್ಡ ದೊಡ್ಡ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಾಡಿಕೊಡುತ್ತದೆ. ಅದೇ ಗೇರ್ ಬಾಕ್ಸನ್ನು ಕಾರಿಗೆ ಜೋಡಿಸುವ ಕಂಪೆನಿ "ಲೈಫ್ ಟೈಮ್" ಎಂದರೆ, ಗೇರ್ ಬಾಕ್ಸನ್ನು ಹೆತ್ತ ಜೆಡ್‌ಎಫ್ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಹೆತ್ತ ತಾಯಿ ಒಂದು ಹೇಳಿದರೆ ಮದುವೆ ದಲ್ಲಾಳಿ ಇನ್ನೊಂದು ಹೇಳುತ್ತಾನೆ! ನೀವು ಯಾರ ಮಾತು ನಂಬುತ್ತೀರಿ?

ಕಾರು ಕಂಪೆನಿಗೆ ಇದರಿಂದ ಏನು ಲಾಭ ಎಂದು ಕೇಳಬಹುದು. ಕೊಳ್ಳುವವನು ಶೋರೂಮಿನಲ್ಲಿ ಕೇಳುವ ಪ್ರಶ್ನೆ, "ಮೈಂಟೆನೆನ್ಸ್ ಎಷ್ಟು ಬರುತ್ತದೆ?" ಪಟ್ಟಿಯಿಂದ ಒಂದು ಸಾಲು ಕಡಿಮೆಯಾದರೆ ಗಾಡಿ ಅಗ್ಗವಾಗಿ ಕಾಣುತ್ತದೆ. ಮೊದಲ ಮಾಲಕ ಐದಾರು ವರ್ಷಕ್ಕೆ ಮಾರಿಬಿಡುತ್ತಾನೆ, ಅಷ್ಟರಲ್ಲಿ ವಾರಂಟಿಯೂ ಮುಗಿದಿರುತ್ತದೆ. ಗೇರ್ ಬಾಕ್ಸ್ ಗುಯ್‌ಗುಟ್ಟುವುದು ಎರಡನೆಯವನ ಕೈಯಲ್ಲಿ, ಮೂರನೆಯವನ ಕೈಯಲ್ಲಿ. ಆ ಎರಡನೆಯವನು, ಮೂರನೆಯವನು ಯಾರು? ನಾವೇ. ಗಡಿಯ ಈಚೆಗಿನ ಕನ್ನಡ ಶಾಲೆ ಹೊಸ ಬಸ್ಸು ಕೊಂಡದ್ದನ್ನು ಎಷ್ಟು ಸಲ ನೋಡಿದ್ದೀರಿ? ದಾನಿಗಳ ಹಣ ಒಟ್ಟು ಮಾಡಿ, ಹಳೆ ವಿದ್ಯಾರ್ಥಿಗಳ ಮನೆಬಾಗಿಲು ತಟ್ಟಿ, ಎಂಟು ಹತ್ತು ವರ್ಷ ಓಡಿದ ವ್ಯಾನು ತರುತ್ತೇವೆ. ಅದರ ಹೌಸಿಂಗಿನಲ್ಲಿರುವುದು ಕಾರ್ಖಾನೆಯಲ್ಲಿ ತುಂಬಿದ ಎಣ್ಣೆಯೋ, ಮಧ್ಯೆ ಯಾರಾದರೂ ಬದಲಿಸಿದ್ದೋ, ಹೇಳುವವರಿಲ್ಲ.

ನಮ್ಮ ಕಾಸರಗೋಡಿನ ಮಳೆಯೂ ಸೇರಿತಲ್ಲ. ಹೌಸಿಂಗನ್ನು "ಸೀಲ್ಡ್" ಎನ್ನುತ್ತಾರೆ, ಅದು ಪೂರ್ತಿ ನಿಜವಲ್ಲ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಹೋಗಲು ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ದೇಲಂಪಾಡಿ, ಎಣ್ಮಕಜೆ ಕಡೆಯ ಗುಡ್ಡೆ ಹತ್ತಿ ಇಳಿದು ಕಾದ ಹೌಸಿಂಗು, ಜುಲೈಯಲ್ಲಿ ತೋಡು ಉಕ್ಕಿ ರಸ್ತೆಗೆ ಬಂದ ನೀರಿನಲ್ಲಿ ಮುಳುಗಿದರೆ ಏನಾದೀತು? ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಅದು ಎಣ್ಣೆಯಲ್ಲ, ಹಾಲು ಹಾಕಿದ ಚಹಾ. ಬೇರಿಂಗಿಗೆ ತುಕ್ಕು ಹಿಡಿಯಲು ಬೇರೇನೂ ಬೇಡ. ಲೈಫ್ ಟೈಮ್ ಎಂದು ಬರೆದವರು ಆ ತೋಡನ್ನು ನೋಡಿದವರಲ್ಲ.

ಒಬ್ಬ ಕನ್ನಡ ಮೇಷ್ಟ್ರಿಗೆ ಈ ಉಸಾಬರಿ ಯಾಕೆ ಎನ್ನುತ್ತೀರಾ? ಕೇರಳದಲ್ಲಿ ಪಾಠ ಮಾಡುವವರಿಗೆ ಜೂನಿನ ಆರನೇ ಕೆಲಸದ ದಿನ ಎಂದರೆ ಏನೆಂದು ಗೊತ್ತು. ಅವತ್ತಿನ ತಲೆ ಲೆಕ್ಕದ ಮೇಲೆ ಡಿವಿಜನ್ ಉಳಿಯುತ್ತದೆ ಅಥವಾ ಬೀಳುತ್ತದೆ, ಅದರ ಮೇಲೆ ಒಬ್ಬ ಶಿಕ್ಷಕರ ಹುದ್ದೆ. ಒಳಗಿನ ಊರಿಂದ ಬರುವ ಹದಿನೈದು ಮಕ್ಕಳು ನಮ್ಮ ಶಾಲೆಗೆ ಬರುವುದು ವ್ಯಾನು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಮೇ ಕೊನೆಗೆ ಕ್ರೌನ್-ಪಿನಿಯನ್ ಹೋಗಿ ವ್ಯಾನು ವರ್ಕ್‌ಶಾಪಿನಲ್ಲಿ ಕೂತರೆ ಆ ಅಪ್ಪ-ಅಮ್ಮಂದಿರು ಎಷ್ಟು ದಿನ ಕಾಯುತ್ತಾರೆ? ಮನೆ ಎದುರಿಗೇ ಇಂಗ್ಲಿಷ್ ಮೀಡಿಯಂ ಬಸ್ಸು ಹಾರ್ನ್ ಹಾಕುತ್ತದೆ. ಒಮ್ಮೆ ಆ ಬಸ್ಸು ಹತ್ತಿದ ಮಗು ಕನ್ನಡ ಶಾಲೆಗೆ ಮರಳಿ ಬಂದದ್ದನ್ನು ನಾನು ನೋಡಿಲ್ಲ. ಗಡಿನಾಡ ಕನ್ನಡದ ಬಗ್ಗೆ ಶಾಲು ಹೊದೆಸಿ ಭಾಷಣ ಮಾಡುವವರು ಒಮ್ಮೆ ವ್ಯಾನಿನ ಅಡಿಗೂ ಬಗ್ಗಿ ನೋಡಲಿ.

"ಹಳೆ ಎಣ್ಣೆ ತೆಗೆದರೇ ಗೇರ್ ಬಾಕ್ಸ್ ಹಾಳಾಗುತ್ತದೆ" ಎಂಬ ವಾದವನ್ನೂ ಕೇಳಿದ್ದೇನೆ. ಮ್ಯಾನುವಲ್ ಗೇರಿಗೆ, ಹೌಸಿಂಗಿಗೆ ಇದು ಅನ್ವಯಿಸುವುದಿಲ್ಲ. ಹೊಸ ಎಣ್ಣೆ ಹಾಕಿದ್ದರಿಂದ ಹಲ್ಲು ಮುರಿಯುವುದಿಲ್ಲ, ಮುರಿಯಲು ಹೊರಟಿದ್ದ ಹಲ್ಲು ಮುರಿಯಬಹುದು ಅಷ್ಟೆ. ಆಟೋಮ್ಯಾಟಿಕ್ ಈಗಾಗಲೇ ಜಾರುತ್ತಿದ್ದರೆ ಮಾತ್ರ ತಿಳಿದವರಿಗೆ ತೋರಿಸದೆ ಮುಟ್ಟಬೇಡಿ.

ನನ್ನ ಅಭಿಪ್ರಾಯದಲ್ಲಿ ಗುಡ್ಡೆ ರಸ್ತೆಯ ಶಾಲಾ ವಾಹನಕ್ಕೆ 40,000 ಕಿ.ಮೀ. ಅಥವಾ ಮೂರು ವರ್ಷ, ಮ್ಯಾನುವಲ್ ಪುಸ್ತಕ ಅದಕ್ಕಿಂತ ಬೇಗ ಹೇಳಿದರೆ ಅದು ಹೇಳಿದಷ್ಟು. ಸೆಕೆಂಡ್ ಹ್ಯಾಂಡ್ ಕೊಂಡರೆ ಕೂಡಲೇ. ನೀರಿನಲ್ಲಿ ಮುಳುಗಿದರೆ ಮೀಟರ್ ನೋಡುವುದೇ ಬೇಡ, ಮರುದಿನವೇ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್ ಬಾಕ್ಸಿನೊಳಗೇ ಇರುತ್ತದೆ, ಸಾಮಾನ್ಯವಾಗಿ ಎರಡಕ್ಕೂ ಒಂದೇ ಎಣ್ಣೆ. ಹೌಸಿಂಗಿಗೆ ಜಿಎಲ್-5 ಹಾಕಿ ಎಂದು ಪುಸ್ತಕದಲ್ಲಿದ್ದರೆ ಅದೇ ಡಬ್ಬಿಯನ್ನು ಗೇರ್ ಬಾಕ್ಸಿಗೂ ಬಗ್ಗಿಸಬೇಡಿ. ಅಲ್ಲಿ ಜಿಎಲ್-4 ಕೇಳಿದ್ದರೆ ಜಿಎಲ್-5ರ ಹೆಚ್ಚಿನ ಗಂಧಕ ಒಳಗಿನ ಹಿತ್ತಾಳೆಯ ಬಳೆಗಳನ್ನು ತಿನ್ನಬಹುದು. ಬ್ರೀದರಿನಲ್ಲಿ ಕೆಸರು ಕಟ್ಟಿದ್ದರೆ ಅದನ್ನೂ ಬಿಡಿಸಿ.

ಮೇ ತಿಂಗಳಲ್ಲಿ ಶಾಲಾ ವಾಹನವನ್ನು ಫಿಟ್‌ನೆಸ್‌ಗೆ ಒಯ್ಯುವ ಮೊದಲು ಈ ಕೆಲಸ ಮುಗಿಸಿ. ಅಲ್ಲಿ ಟಯರು, ಬ್ರೇಕು, ಲೈಟು ನೋಡುತ್ತಾರೆ, ಹೌಸಿಂಗ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡುವವರು ಯಾರೂ ಇಲ್ಲ. ಮೇಸ್ತ್ರಿಯ ಹತ್ತಿರ ಮೇಲಿನ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಲು ಹೇಳಿ. ಕೆಳಗಿನದ್ದನ್ನು ಬಿಚ್ಚಿ ಎಣ್ಣೆಯೆಲ್ಲಾ ಚೆಲ್ಲಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ ಗಾಡಿ ಅಲ್ಲೇ ಬಾಕಿ.